ನಿಧಾನಿ ಬೆಸುಗೆ ಬಿಡಿಸಿದ್ದು

ಅಳಿಯ ಕೀಬೋರ್ಡಿನ ಹೊಟ್ಟೆ ಬಿಚ್ಚುತ್ತೇನೆಂದು ಹೇಳಿದ ದಿನ ಅತ್ತೆ ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ. ಹಸಿವಿಲ್ಲ ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಅಳಿಯ ಎರಡು ತಟ್ಟೆಗಳನ್ನೂ ಮುಚ್ಚಿಟ್ಟು ಕೆಲಸಕ್ಕೆ ಹೋದ. ಅವನೂ ಉಂಡಿರಲಿಲ್ಲ.

ಅದು ಮಗಳು ನುಡಿಸುತ್ತಿದ್ದ ಕೀಬೋರ್ಡು. ಆಕೆ ನೆರೆಹೊರೆಯ ಮಕ್ಕಳಿಗೆ ಹಾಡು ಕಲಿಸುತ್ತಿದ್ದಳು. ಸಂಜೆ ಮಕ್ಕಳೆಲ್ಲ ಮನೆ ಸೇರಿದ ಮೇಲೆ, ತಾಯಿ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ, ಒಂದು ಪ್ರಾರ್ಥನೆಯ ಸ್ವರ ನುಡಿಸುತ್ತಿದ್ದಳು. ಹೋದ ಬೇಸಿಗೆಯಲ್ಲಿ ಜ್ವರ ಹಿಡಿದು ಮಲಗಿದವಳು ಮತ್ತೆ ಏಳಲಿಲ್ಲ. ಕೊಟ್ಟವನು ಕರೆದುಕೊಂಡ ಎಂದು ಅತ್ತೆ ಬಂದವರೊಡನೆ ಬಾಯಲ್ಲಿ ಹೇಳುತ್ತಿದ್ದಳು. ಮನಸ್ಸು ಆ ಮಾತಿನ ಹಿಂದೆ ಕುಂಟುತ್ತಾ ಬರುತ್ತಿತ್ತು. ದೀಪವನ್ನು ಮಾತ್ರ ಒಂದು ಸಂಜೆಯೂ ತಪ್ಪಿಸಲಿಲ್ಲ. ಅದರ ಜೊತೆಗಿದ್ದ ಸ್ವರ ನಿಂತುಹೋಗಿತ್ತು, ಅಷ್ಟೆ.

ಮಳೆಗಾಲ ಕಳೆದ ಮೇಲೆ ಒಂದು ದಿನ, ಧೂಳು ಒರೆಸಲು ಹೋದ ಅತ್ತೆ ಏನನ್ನಿಸಿತೋ ಏನೋ, ಕೀಬೋರ್ಡಿನ ಮೇಲಿನ ಬಟ್ಟೆ ತೆಗೆದು ಸ್ವಿಚ್ಚು ಹಾಕಿದಳು. ಅದು ಗಂಟಲು ಕಟ್ಟಿದವರಂತೆ ಗೊರಗೊರ ಎಂದು ಸುಮ್ಮನಾಯಿತು. ಸುಟ್ಟ ವಾಸನೆ ಬಂತು. ದೊಡ್ಡ ರಸ್ತೆಯ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದರೆ ಅಲ್ಲಿಯವನು ಮುಚ್ಚಳ ಕೂಡ ತೆಗೆಯದೆ, "ಇದರ ಬೋರ್ಡು ಈಗ ಬರೋದೇ ಇಲ್ಲ ಅಮ್ಮಾ. ಗುಜರಿಗೆ ಹಾಕಿ ಹೊಸದು ತಗೊಳ್ಳಿ" ಎಂದ. ಅತ್ತೆ ಅದನ್ನು ಮತ್ತೆ ಮನೆಗೇ ಹೊತ್ತು ತಂದಳು. ಮರುದಿನವೇ ಅಳಿಯ, ನಾನು ಬಿಚ್ಚಿ ನೋಡುತ್ತೇನೆ ಎಂದದ್ದು.

ಅಳಿಯ ಬಸ್ಸು ಓಡಿಸುವವನು. ಡಿಪೋದಲ್ಲಿ ಅವನಿಗೆ ನಿಧಾನಿ ಎಂದು ಹೆಸರು. ಅವನ ಬಸ್ಸು ಎಂದೂ ಯಾರಿಗೂ ತಾಗಿದ್ದಿಲ್ಲ, ಎಂದೂ ಹೊತ್ತಿಗೆ ಸರಿಯಾಗಿ ಬಂದದ್ದೂ ಇಲ್ಲ. ರಜೆಯ ದಿನ ಹಿತ್ತಲ ಜಗುಲಿಯಲ್ಲಿ ಕೂತು ಹಳೆಯ ರೇಡಿಯೋ, ಕೆಟ್ಟ ಟಾರ್ಚು, ಮಾತಾಡುವ ಗಡಿಯಾರ ಮುಂತಾದವನ್ನು ಬಿಚ್ಚಿಟ್ಟುಕೊಳ್ಳುವುದು ಅವನ ಹವ್ಯಾಸ. ಬಿಚ್ಚಿದ್ದೆಲ್ಲ ಮತ್ತೆ ಕೂಡುತ್ತಿರಲಿಲ್ಲ ಎಂಬುದೇ ಅತ್ತೆಯ ಭಯ.

ಸಂಜೆ ಅವನು ಕೆಲಸದಿಂದ ಬಂದಾಗ ಆಕೆ ಎದ್ದು ಕೂತಿದ್ದಳು.

"ಎದುರುಮನೆಯವರ ರೇಡಿಯೋ ಏನಾಯ್ತು ಅಳಿಯಂದ್ರೇ?" ಎಂದು ಕೇಳಿದಳು. ಮದುವೆಯಾದಂದಿನಿಂದ ಆಕೆ ಅವನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದದ್ದು. ಸಿಟ್ಟು ಬಂದರೆ ಬಹುವಚನ ಇನ್ನೂ ಗಟ್ಟಿಯಾಗುತ್ತಿತ್ತು.

"ಅದರ ಬೋರ್ಡು ನನ್ನ ಕೈಯಲ್ಲೇ ಹೋಯ್ತು ಅತ್ತೆ."

"ಒಪ್ಕೊಂಡ್ರಲ್ಲ, ಅಷ್ಟಾದ್ರೂ ಆಯ್ತು."

"ಆವಾಗ ಸ್ಕ್ರೂಡ್ರೈವರ್ ಹಾಕಿ ಮೀಟಿದ್ದೆ. ಬೆಸುಗೆ ಬಿಡಿಸೋಕೆ ನನ್ನ ಹತ್ರ ಬೇರೆ ಏನೂ ಇರಲಿಲ್ಲ." ಅವನು ಕೀಬೋರ್ಡನ್ನು ಮಗುಚಿ ಬಟ್ಟೆಯ ಮೇಲೆ ಮಲಗಿಸಿ, ಒಳಗೊಂದು ಕಡೆ ಬೆರಳು ತೋರಿಸಿದ. ಹಸಿರು ಬೋರ್ಡಿನ ಮೂಲೆಯಲ್ಲಿ ಸಾಲುಗಾಲಿನ ಕಪ್ಪು ಹುಳುವಿನಂಥದೊಂದು ನಿಂತಿತ್ತು. ಅದರ ಬೆನ್ನು ಬಿರಿದಿತ್ತು. "ಸ್ಪೀಕರಿಗೆ ಸದ್ದು ಕೊಡೋ ಐಸಿ ಇದು. ಇದೊಂದೇ ಹೋಗಿರೋದು. ಹೊಸದು ಸಿಗುತ್ತೆ, ಕೂರಿಸೋದೂ ಕಷ್ಟ ಅಲ್ಲ. ಹಳೇದನ್ನ ಎಬ್ಬಿಸೋದೇ ಕಷ್ಟ. ಇದರ ಒಂದೊಂದು ಕಾಲೂ ತೂತಿನಲ್ಲಿ ಸೋಲ್ಡರ್ ಅಂತ ಬೆಸುಗೆಯ ಲೋಹ ಕರಗಿಸಿ ಹಾಕಿ ಹೂತುಬಿಟ್ಟಿದಾರೆ. ಜೋರು ಮಾಡಿದ್ರೆ ತೂತಿನ ಸುತ್ತ ಇರೋ ತಾಮ್ರ ಕಿತ್ತು ಬರುತ್ತೆ. ಆಮೇಲೆ ಬೋರ್ಡು ಸತ್ತ ಹಾಗೆ."

ಆಡಿದ ಮೇಲೆ ಅವನಿಗೆ ಆ ಮಾತು ಆಡಬಾರದಿತ್ತು ಅನ್ನಿಸಿರಬೇಕು. ಬಟ್ಟೆಯ ಮಡಿಕೆ ಸರಿಮಾಡುತ್ತಾ ಕೂತ. ಅತ್ತೆ ಆ ಕಪ್ಪು ಹುಳುವನ್ನು ಬಾಗಿ ನೋಡಿದಳು.

"ಸಾಮಾನು ಕೊಳ್ಳೋಕೆ ಹೋಗುವಾಗ ನಾನೂ ಬರ್ತೀನಿ" ಎಂದಳು.

ಅಂಗಡಿ ಎಂದರೆ ಎರಡು ಕಟ್ಟಡಗಳ ನಡುವಿನ ಸಂದು, ಅದಕ್ಕೊಂದು ಬಾಗಿಲು. ಗೋಡೆಯ ತುಂಬ ಪುಟ್ಟ ಪುಟ್ಟ ಡ್ರಾಯರು, ಮೇಲಿನಿಂದ ಜೋತುಬಿದ್ದ ವೈರುಗಳು. ನಡುವೆ ಕೂತಿದ್ದ ಅಂಗಡಿಯಾಕೆಗೆ ಏಳಬೇಕಾದರೆ ಗಿರಾಕಿ ಹೊರಗೆ ಹೋಗಬೇಕು, ಅಷ್ಟು ಇಕ್ಕಟ್ಟು.

"ಬೆಸುಗೆ ಬಿಡಿಸೋ ಸಾಮಾನು ಬೇಕಿತ್ತು" ಎಂದ ಅಳಿಯ.

ಆಕೆ ಒಂದೊಂದಾಗಿ ಮೇಜಿನ ಮೇಲೆ ಇಟ್ಟಳು. ಮಗುವಿನ ಮೂಗು ಸೀಟುವ ಬುಡ್ಡೆಯಂಥ ರಬ್ಬರ್ ಬಲ್ಬು. ಕರಗಿದ ಸೋಲ್ಡರನ್ನು ಹೀರುವ, ಪೆನ್ನಿನಂಥ ಪ್ಲಾಸ್ಟಿಕ್ ಪಂಪು. ಅದೇ ಪಂಪಿನ ಅಲ್ಯೂಮಿನಿಯಮ್ ಅಣ್ಣ. ತಾಮ್ರದ ಎಳೆಗಳನ್ನು ಜಡೆಯಂತೆ ಹೆಣೆದು ಸುತ್ತಿದ ಪಟ್ಟಿ. ಅದಕ್ಕೆ ವಿಕ್ ಎನ್ನುತ್ತಾರೆ, ಉಳಿದ ಸೋಲ್ಡರನ್ನು ಅದು ಹೀರಿಕೊಳ್ಳುತ್ತದೆ. ಕೊನೆಗೆ ಪಿಸ್ತೂಲಿನಂಥ ಒಂದು ಕರೆಂಟಿನ ಯಂತ್ರ. "ಇದು ತಾನೇ ಕಾಯುತ್ತೆ, ತಾನೇ ಹೀರುತ್ತೆ. ನೀವು ಬರೀ ಹಿಡ್ಕೊಂಡ್ರೆ ಸಾಕು."

ಅತ್ತೆ ಪಿಸ್ತೂಲಿನ ಕಡೆ ಕೈ ಚಾಚಿದಳು. "ಇದನ್ನೇ ಕೊಡಿ. ದುಡ್ಡು ನಾನು ಕೊಡ್ತೀನಿ."

"ಬೇಡ ಅತ್ತೆ."

"ಯಾಕೆ ಬೇಡ? ಎಲ್ಲಕ್ಕಿಂತ ಒಳ್ಳೇದು ಅಂತಾರಲ್ಲ."

"ಒಳ್ಳೇದೇ" ಎಂದು ಅವನು ಅದನ್ನು ತಿರುಗಿಸಿ ಮೂತಿ ನೋಡಿದ. "ದಿನಾ ಇದೇ ಕೆಲಸ ಮಾಡೋವ್ರಿಗೆ. ಕೆಲಸ ಆದ ತಕ್ಷಣ ಒಳಗೆಲ್ಲ ಶುದ್ಧ ಮಾಡದಿದ್ರೆ ಸೋಲ್ಡರ್ ಕಟ್ಟಿಕೊಳ್ಳುತ್ತೆ. ಇದರ ಮೂತಿ ಬೇರೆ ಸಿಗುತ್ತಾ ಅಕ್ಕ?"

"ಈ ಕಡಿಮೆ ಬೆಲೇದಕ್ಕೆ ಸಿಗಲ್ಲ" ಎಂದು ಅಂಗಡಿಯಾಕೆ ನಿಜ ಹೇಳಿದಳು. "ಸಿಗೋವಂಥದು ಬೇಕಂದ್ರೆ ಇದರ ನಾಲ್ಕು ಪಟ್ಟು ಆಗುತ್ತೆ. ನೀವು ಎಷ್ಟು ಬೋರ್ಡು ಮಾಡ್ತೀರಿ?"

"ರಜೆ ಸಿಕ್ಕಾಗ ಒಂದೊಂದು."

"ಹಾಗಾದ್ರೆ ಬೇಡ ಬಿಡಿ. ವರ್ಷಕ್ಕೊಂದು ಮದುವೆಗೆ ಹೋಗೋಕೆ ಯಾರಾದ್ರೂ ಬಸ್ಸು ಕೊಂಡ್ಕೋತಾರಾ?"

"ಇವರು ಬಸ್ಸು ಓಡಿಸೋರೇ" ಎಂದಳು ಅತ್ತೆ, ತುಸು ಬಿಗುವಾಗಿ. ಅಂಗಡಿಯಾಕೆ ಹೊಟ್ಟೆ ಕುಣಿಯುವಂತೆ ನಕ್ಕಳು. "ಹಾಗಾದ್ರೆ ಕೊಂಡ್ಕೊಳ್ಳಲ್ಲ, ಅವರಿಗೆ ಗೊತ್ತಿರುತ್ತೆ!"

ಆಮೇಲೆ ನಡೆದದ್ದನ್ನು ಅತ್ತೆ ಮೊದಲು ಬೇಸರದಿಂದ ನೋಡಿದಳು, ನಂತರ ಬೇಸರ ಮರೆತು ನೋಡಿದಳು. ಅಳಿಯ ರಬ್ಬರ್ ಬಲ್ಬನ್ನು ಒಮ್ಮೆ ಒತ್ತಿ ಬಿಟ್ಟು, ಉಸಿರು ಸಾಲದು ಎಂದು ಪಕ್ಕಕ್ಕಿಟ್ಟ. ಪ್ಲಾಸ್ಟಿಕ್ ಪಂಪಿನ ಗುಂಡಿ ಅದುಮಿ, ಅದರ ಬಾಯಿಗೆ ಬೆರಳು ಕೊಟ್ಟು, ಬಿಟ್ಟ. ಅಲ್ಯೂಮಿನಿಯಮ್ ಪಂಪಿಗೂ ಹಾಗೆಯೇ. ಒಂದೇ ಬಗೆಯ ಪಂಪುಗಳನ್ನು ಆಕೆ ಡಬ್ಬದಿಂದ ತೆಗೆತೆಗೆದು ಕೊಟ್ಟಂತೆ ಒಂದೊಂದರ ಬಾಯಿಗೂ ಬೆರಳು ಕೊಟ್ಟ. ಒಂದಾದ ಮೇಲೊಂದನ್ನು ಅತ್ತೆಯ ಬೆರಳಿಗೂ ಹಿಡಿದ. "ನೋಡಿ, ಯಾವುದು ಹೆಚ್ಚು ಎಳೆಯುತ್ತೆ?"

ಪಂಪು ಟಕ್ ಎಂದು ಆಕೆಯ ಬೆರಳ ತುದಿಯನ್ನು ಚೀಪಿತು. "ಇದು" ಎಂದಳು ಆಕೆ, ತನಗೇ ಆಶ್ಚರ್ಯವಾಗುವಂತೆ.

"ನನಗೂ ಇದೇ ಅನ್ನಿಸ್ತು." ಅವನು ಅದರ ತಿರುಪು ಬಿಚ್ಚಿ, ಒಳಗಿನ ಸ್ಪ್ರಿಂಗನ್ನೂ ರಬ್ಬರ್ ಬಳೆಯನ್ನೂ ಹೊರಗೆಳೆದು, ಮತ್ತೆ ಕೂಡಿಸಿದ. "ಬಿಚ್ಚೋಕೆ ಬರ್ಬೇಕು. ಬಿಚ್ಚಿ ತೊಳೆಯೋಕೆ ಬರದಿದ್ರೆ ಎಷ್ಟು ಕಡಿಮೆಗೆ ಕೊಟ್ರೂ ದುಬಾರಿನೇ." ಅದರ ಮೂತಿಗೆ ತೊಡಿಸಲೆಂದು ಕಾವಿಗೆ ಕರಗದ ಮೆತ್ತನೆಯ ಸಿಲಿಕೋನ್ ಕೊಳವೆಯ ತುಂಡೊಂದನ್ನು ಕೇಳಿ ಪಡೆದ. ಗಟ್ಟಿ ಮೂತಿಯಾದರೆ ಬೋರ್ಡಿನ ಮೇಲೆ ಸಂದು ಉಳಿಯುತ್ತದೆ. ಮೆತ್ತನೆಯದು ಹಾಲು ಕುಡಿಯುವ ಮಗುವಿನ ತುಟಿಯಂತೆ ಅಂಟಿಕೊಳ್ಳುತ್ತದೆ ಎಂದು ವಿವರಿಸಿದ. ವಿಕ್ ಆರಿಸುವಾಗ ಸುಟ್ಟ ಐಸಿಯ ಕಾಲಿನಷ್ಟೇ ಅಗಲದ್ದು ಬೇಕೆಂದ. ಅಗಲ ಹೆಚ್ಚಾದರೆ ಕಾವನ್ನೆಲ್ಲ ಅದೇ ನುಂಗಿಬಿಡುತ್ತದಂತೆ. ಹೊಸ ಐಸಿ ಒಂದು, ಬೆಸುಗೆ ಹತ್ತಿಸುವ ಫ್ಲಕ್ಸು ಒಂದು ಪುಟ್ಟ ಶೀಶೆ. ಅಷ್ಟೆ. ಬೆಸುಗೆ ಕರಗಿಸುವ ಒಳ್ಳೆಯ ಸೋಲ್ಡರಿಂಗ್ ಐರನ್ನು ಅವನ ಹತ್ತಿರ ಮೊದಲೇ ಇತ್ತು. ಇದ್ದ ಹಣವನ್ನು ಅದಕ್ಕೆ ಹಾಕಿದ್ದರಿಂದಲೇ ಈಗ ಉಳಿದದ್ದರಲ್ಲಿ ಕೈ ಬಿಗಿ ಹಿಡಿಯಬಹುದು ಎಂದ.

ಬೀದಿಗೆ ಬಂದ ಮೇಲೆ ಅತ್ತೆಗೆ ಒಂದು ಯೋಚನೆ ಬಂತು. ತನ್ನ ಮಗಳನ್ನು ನೋಡಲು ಬಂದವರಲ್ಲಿ ಜೋರಾಗಿ ಮಾತಾಡುವವರು, ಚುರುಕಾದವರು ಇದ್ದರು. ಅವಳು ಇವನನ್ನೇ ಒಪ್ಪಿದಾಗ ತಾಯಿ ತಲೆ ಚಚ್ಚಿಕೊಂಡಿದ್ದಳು. ಇಂದು ಒಂದು ಪಂಪಿಗೆ ಇಷ್ಟು ಸಲ ಬೆರಳು ಕೊಟ್ಟು ನೋಡಿದ ಈ ಮನುಷ್ಯನೊಡನೆ ಬಾಳುವುದು ಹೇಗಿದ್ದಿರಬಹುದು ಎಂದು ಈಗ ಮೊದಲ ಬಾರಿಗೆ ಊಹಿಸಿದಳು. ಬೆಚ್ಚಗೆ ಇದ್ದಿರಬೇಕು ಅನ್ನಿಸಿತು.

ಕೊಂಡದ್ದನ್ನು ಅವನು ಜಗುಲಿಯ ಮೇಜಿನ ಮೇಲೆ ಇಟ್ಟು ವಾರವೆಲ್ಲ ಕೆಲಸಕ್ಕೆ ಹೋದ. ಕೆಲಸದಿಂದ ಬಂದು, ಬೆಳಕಿರುವ ತನಕ, ಗುಜರಿಯವನಿಂದ ತಂದ ಯಾವುದೋ ಟಿವಿಯ ಬೋರ್ಡಿನ ಮೇಲೆ ಅಭ್ಯಾಸ ಮಾಡುತ್ತಿದ್ದ. ಅದಕ್ಕೆ ಅವನಿಟ್ಟ ಹೆಸರು ಷಡ್ಡಕ. "ಷಡ್ಡಕನಿಗೆ ನೋವಾಗಲ್ಲ ಅತ್ತೆ, ಎಷ್ಟು ಬೇಕಾದ್ರೂ ಸುಡಬಹುದು" ಎನ್ನುತ್ತಿದ್ದ.

ರಜೆಯ ಹಿಂದಿನ ದಿನ ಅಳಿಯ ಕತ್ತಲಾದ ಮೇಲೆ ಬರುವವನಿದ್ದ; ಆ ಮಧ್ಯಾಹ್ನ ಅತ್ತೆ ದೇವರ ದೀಪ ತಿಕ್ಕಿ ಬೆಳಗಲು ಕೂತಿದ್ದಳು. ದೀಪ, ಗಂಟೆ, ಪುಟ್ಟ ತಟ್ಟೆ ಎಲ್ಲವೂ ಹೊಳೆದವು. ಕೈ ಇನ್ನೂ ಒದ್ದೆಯಿತ್ತು. ಕಣ್ಣು ಜಗುಲಿಯ ಮೇಜಿನ ಕಡೆ ಹೋಯಿತು. ಆ ತಾಮ್ರದ ಜಡೆ ಅಲ್ಲಿ ಮಂಕಾಗಿ, ಅಂಟಂಟಾಗಿ ಬಿದ್ದಿತ್ತು. ಮುಟ್ಟಿದರೆ ಬೆರಳಿಗೆ ಮರದ ಗೋಂದಿನಂಥ ವಾಸನೆ ಹತ್ತಿತು. ಮಗಳ ಕೀಬೋರ್ಡಿಗೆ ಮುಟ್ಟಿಸುವ ಸಾಮಾನು ಹೀಗಿರಬಹುದೆ? ಅಂಗಡಿಯಾಕೆ ಹಳೆಯ ಮಾಲು ದಾಟಿಸಿದ್ದಾಳೆ ಎಂದುಕೊಂಡು ಆಕೆ ಸುರುಳಿ ಬಿಚ್ಚಿದಳು. ಸೋಡಾ ಹಾಕಿದ ಬಿಸಿನೀರಲ್ಲಿ ಅದ್ದಿ, ಬ್ರಷ್ಷಿನಿಂದ ಉಜ್ಜಿ, ಮೂರು ನೀರಿನಲ್ಲಿ ಜಾಲಾಡಿ, ಬಟ್ಟೆಯ ತಂತಿಗೆ ಕ್ಲಿಪ್ಪು ಹಾಕಿ ಒಣಗಿಸಿದಳು. ಬಿಸಿಲಿಗೆ ಅದು ಮಗುವಿನ ಕೂದಲಿನಂತೆ ಮಿರುಗಿತು. ಮತ್ತೆ ಇದ್ದ ಹಾಗೇ ಸುತ್ತಿಟ್ಟು, ಅಳಿಯನಿಗೆ ಹೇಳಲಿಲ್ಲ. ಮಾಡಿದ ಸೇವೆಯನ್ನು ಹೇಳಿಕೊಳ್ಳುವುದು ಆಕೆಗೆ ಬಾರದು.

ರಜೆಯ ದಿನ ಬೆಳಗ್ಗೆ ಅಳಿಯ ಸ್ನಾನ ಮಾಡಿ, ದೇವರಿಗೆ ಕೈ ಮುಗಿದು, ಕೀಬೋರ್ಡಿನ ಬೋರ್ಡನ್ನು ಬಿಚ್ಚಿ ತಂದು ಮೇಜಿನ ಮೇಲಿಟ್ಟ. ಆದರೆ ಐರನ್ನು ಕಾದ ಮೇಲೆ ಅದನ್ನು ಮುಟ್ಟಲಿಲ್ಲ. ಮೊದಲು ಷಡ್ಡಕನನ್ನು ಎಳೆದುಕೊಂಡ.

"ಇನ್ನೂ ಅಭ್ಯಾಸವೇ?" ಎಂದಳು ಅತ್ತೆ. ಆಕೆಗೆ ತಾಳ್ಮೆ ಇರಲಿಲ್ಲ.

"ಬಸ್ಸು ಹೊರಡಿಸೋ ಮುಂಚೆ ಡಿಪೋದೊಳಗೇ ಬ್ರೇಕ್ ಒತ್ತಿ ನೋಡ್ತೀವಲ್ಲ, ಹಾಗೆ. ನಿನ್ನೆ ಹಿಡಿದಿತ್ತು ಅಂತ ಇವತ್ತು ಹಿಡಿಯುತ್ತೆ ಅಂತೇನಿಲ್ಲ."

ಪಂಪು ಸರಿಯಾಗಿತ್ತು. ಷಡ್ಡಕನ ಒಂದು ಕಾಲಿನ ಸೋಲ್ಡರು ಕರಗಿ ಟಕ್ ಎಂದು ಹೀರಿಹೋಯಿತು. ಆಮೇಲೆ ಅವನು ವಿಕ್ಕನ್ನು ಇನ್ನೊಂದು ಕಾಲಿನ ಮೇಲಿಟ್ಟು ಐರನ್ನು ಒತ್ತಿದ. ಸೋಲ್ಡರು ಕರಗಿತು, ಆದರೆ ವಿಕ್ಕಿಗೆ ಹತ್ತಲೇ ಇಲ್ಲ. ಪಾದರಸದಂತೆ ಗುಂಡಗೆ ಕೂತು ಹೊಳೆಯುತ್ತಿತ್ತು. ಅವನು ಜಾಗ ಬದಲಿಸಿದ, ತುದಿ ಕತ್ತರಿಸಿದ, ಮತ್ತೆ ಒತ್ತಿದ. ಒತ್ತಿದಷ್ಟೂ ಹೊತ್ತಾಯಿತು, ಷಡ್ಡಕನ ಹಸಿರು ಕಂದಾಗಿ, ತಾಮ್ರದ ಸಣ್ಣ ಉಂಗುರವೊಂದು ಬೋರ್ಡಿನಿಂದ ಎದ್ದು ಐರನ್ನಿನ ಜೊತೆಗೇ ಬಂತು.

ಅಳಿಯ ಐರನ್ನನ್ನು ಸ್ಟ್ಯಾಂಡಿಗಿಟ್ಟ. "ಮೊನ್ನೆ ಚೆನ್ನಾಗಿ ಹೀರ್ತಿತ್ತು. ಇವತ್ತು ಏನಾಯ್ತು? ಸುರುಳಿ ಒಳಗಡೆ ಕಳಪೆ ಮಾಲು ಇಟ್ಟಿದಾರೋ ಏನೋ. ಅಂಗಡಿಗೆ ಹೋಗಿ ಕೇಳ್ಕೊಂಡು ಬರ್ತೀನಿ."

ಅತ್ತೆ ಆ ಕಿತ್ತುಬಂದ ಉಂಗುರವನ್ನೇ ನೋಡುತ್ತಿದ್ದಳು. ಬಟ್ಟೆಯ ತಂತಿಯೂ ಕ್ಲಿಪ್ಪೂ ಕಣ್ಣ ಮುಂದೆ ಬಂದವು. ಆ ಉಂಗುರ ಮಗಳ ಬೋರ್ಡಿನದಾಗಿದ್ದರೆ ಎಂದುಕೊಂಡಳು.

"ಆಕೇನ ಏನೂ ಕೇಳಬೇಡಿ. ನಾನು ತೊಳೆದೆ."

"ಏನು ತೊಳೆದಿರಿ?"

"ಅದನ್ನೇ. ಅಂಟಂಟು ಇತ್ತು. ಸೋಡಾ ಹಾಕಿ ಉಜ್ಜಿ ಒಣಗಿಸಿಟ್ಟೆ. ದೇವರ ಸಾಮಾನಿನ ಜೊತೆಗೇ."

"ಅತ್ತೆ, ಆ ಅಂಟೇ ಅದರ ಜೀವ. ಅದು ಫ್ಲಕ್ಸು. ಆ ಅಂಟಿಲ್ಲದೆ ಸೋಲ್ಡರ್ ತಾಮ್ರಕ್ಕೆ ಹತ್ತಲ್ಲ." ಎಂದವನು ಆ ಮಿರುಗುವ ಸುರುಳಿಯನ್ನು ಎತ್ತಿ ಬೆಳಕಿಗೆ ಹಿಡಿದು, ಇದ್ದಕ್ಕಿದ್ದಂತೆ ಭುಜ ಅಲ್ಲಾಡಿಸುತ್ತಾ ನಗತೊಡಗಿದ. "ಎಷ್ಟು ಚೆನ್ನಾಗಿ ಬೆಳಗಿದ್ದೀರಿ! ಇಷ್ಟು ಶುದ್ಧವಾದ ವಿಕ್ಕು ಈ ಭೂಮಿ ಮೇಲೆ ಯಾರ ಹತ್ರಾನೂ ಇರಲ್ಲ."

"ಬೈಯಿರಿ, ನಗಬೇಡಿ" ಎಂದಳು ಅತ್ತೆ. "ನನ್ನ ಕೈಯಾರೆ ಅದನ್ನ ಕೊಲ್ತಿದ್ದೆ."

"ಯಾಕೆ ಬೈಲಿ? ಹೋಗಿದ್ದು ಷಡ್ಡಕನ ಉಂಗುರ. ಅವನಿಗೆ ಇನ್ನೂ ಬೇಕಾದಷ್ಟಿವೆ."

ಅವನು ಫ್ಲಕ್ಸಿನ ಶೀಶೆಯ ಮುಚ್ಚಳ ತೆಗೆದು, ವಿಕ್ಕಿನ ತುದಿಯನ್ನು ಅದ್ದಿ, ಮತ್ತೆ ಷಡ್ಡಕನ ಮೇಲಿಟ್ಟ. ಸಣ್ಣಗೆ ಹೊಗೆಯೆದ್ದು ಅದೇ ಗೋಂದಿನ ವಾಸನೆ ಬಂತು. ಸೋಲ್ಡರು ಒಣಬತ್ತಿಗೆ ಎಣ್ಣೆ ಏರುವಂತೆ ತಾಮ್ರದೊಳಗೆ ಏರಿಹೋಯಿತು. ಅತ್ತೆ ಕೈಮುಗಿದಳು. ಮುಗಿದದ್ದು ದೇವರಿಗೆ, ಆದರೆ ಮುಖವಿದ್ದದ್ದು ಅಳಿಯನ ಕಡೆಗೆ. ಇವನು ಷಡ್ಡಕನನ್ನು ಮೊದಲು ಎಳೆದುಕೊಳ್ಳದಿದ್ದರೆ ಏನಾಗುತ್ತಿತ್ತು ಎಂಬುದು ಆಕೆಗೆ ಚೆನ್ನಾಗಿ ತಿಳಿದಿತ್ತು.

"ಈಗ ನಿಮ್ಮ ಕೈ ಬೇಕು" ಎಂದು ಅವನು ಪಂಪನ್ನು ಆಕೆಗೆ ಕೊಟ್ಟ. "ನನಗೆ ಒಂದು ಕೈಲಿ ಐರನ್ನು, ಇನ್ನೊಂದರಲ್ಲಿ ಬೋರ್ಡು. ನಾನು 'ಹೂಂ' ಅಂದ ತಕ್ಷಣ ಮೂತಿ ಒತ್ತಿ ಗುಂಡಿ ಬಿಡಬೇಕು. ತಡ ಮಾಡಿದ್ರೆ ಗಟ್ಟಿಯಾಗಿಬಿಡುತ್ತೆ."

"ನನ್ನ ಕೈ ನಡುಗಿದ್ರೆ?"

"ಸೂಜಿಗೆ ದಾರ ಪೋಣಿಸುವಾಗ ನಡುಗಲ್ಲವಲ್ಲ."

ಈಗ ಮಗಳ ಬೋರ್ಡು. ಅಳಿಯ ಮೊದಲು ಮಾಡಿದ ಕೆಲಸ ನೋಡಿ ಅತ್ತೆಗೆ ದಿಗಿಲಾಯಿತು. ತೆಗೆಯಬೇಕಾದ ಹಳೆಯ ಸೋಲ್ಡರಿನ ಮೇಲೆ ಅವನು ಹೊಸ ಸೋಲ್ಡರು ಸುರಿಯುತ್ತಿದ್ದ.

"ತೆಗೀಬೇಕಾದ್ದಕ್ಕೆ ಇನ್ನಷ್ಟು ಹಾಕ್ತೀರಲ್ಲ!"

"ಹಳೇದು ಒಣಗಿ ಮೊಂಡಾಗಿದೆ, ಅದೊಂದನ್ನೇ ಕರೆದ್ರೆ ಬರಲ್ಲ. ಹೊಸದು ಬಂದು ಸೇರಿದ್ರೆ ಎರಡೂ ಜೊತೆಗೆ ಹೊರಡ್ತವೆ. ಹೂಂ!"

ಟಕ್. ಆಕೆ ಪಂಪು ತೆಗೆದು ನೋಡಿದಳು. ಕಾಲಿನ ಸುತ್ತ ತೂತು ಕಾಣುತ್ತಿತ್ತು. ಮುಂದಿನದು. ಹೂಂ. ಟಕ್. ಪ್ರತಿಯೊಂದಕ್ಕೂ ಆಕೆ ಉಸಿರು ಹಿಡಿದು, ಪಂಪು ಚೀಪಿದ ಮೇಲೆ ಬಿಡುತ್ತಿದ್ದಳು. ಉಳಿದ ಚೂರುಪಾರನ್ನು ಅವನು ವಿಕ್ಕಿನಿಂದ ಒರೆಸಿಕೊಂಡು ಬಂದ.

ಒಂದು ಕಾಲು ಮಾತ್ರ ಹಟ ಹಿಡಿಯಿತು. ಅದು ಬೋರ್ಡಿನ ದೊಡ್ಡ ತಾಮ್ರದ ಹಾಸಿನೊಂದಿಗೆ ಸೇರಿದ ಕಾಲು. ಕೊಟ್ಟ ಕಾವನ್ನೆಲ್ಲ ಆ ಹಾಸೇ ಕುಡಿದುಬಿಡುತ್ತಿತ್ತು. ಒಮ್ಮೆ ಪಂಪು ಹೊಡೆದರೂ ಒಳಗೆ ಸೋಲ್ಡರು ಉಳಿಯಿತು. ಮತ್ತೊಮ್ಮೆ ಹೊಡೆದರೂ ಉಳಿಯಿತು. ಕಪ್ಪು ಹುಳು ಈಗ ಒಂದೇ ಕಾಲಿನ ಮೇಲೆ ನಿಂತು ಅಲ್ಲಾಡುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಹಿಡಿದು ಎಳೆದೇಬಿಡುತ್ತಿದ್ದರು. ಅತ್ತೆಯ ಬೆರಳುಗಳೇ ಆ ಕಡೆ ಹೋದವು.

ಅಳಿಯ ಐರನ್ನಿನ ಸ್ವಿಚ್ಚು ಆರಿಸಿದ.

"ಏನಾಯ್ತು?"

"ಬೋರ್ಡಿಗೆ ಸಾಕಾಗಿದೆ. ತಣ್ಣಗಾಗ್ಲಿ." ಅವನು ಎದ್ದು, ಒಳಗೆ ಹೋಗಿ, ನೀರು ಕುಡಿದು, ಆಕೆಗೂ ಒಂದು ಲೋಟ ತಂದುಕೊಟ್ಟ. ಹಣೆಯ ಬೆವರು ಒರೆಸಿಕೊಂಡ. ಅಂಗೈಯನ್ನು ಮತ್ತೆ ಮತ್ತೆ ಬಟ್ಟೆಗೆ ಒರೆಸುತ್ತಿದ್ದುದನ್ನು ಅತ್ತೆ ನೋಡಿದಳು. ಆಗಲೇ ಆಕೆಗೆ, ಇವನಿಗೂ ತನ್ನಷ್ಟೇ ಭಯವಿದೆ, ಭಯವಿದ್ದೂ ಕೈ ಎಳೆಯಲಿಲ್ಲ ಎಂದು ಅರಿವಾದದ್ದು. ಆಸ್ಪತ್ರೆಯಲ್ಲಿ ಮಗಳ ಹಾಸಿಗೆಯ ಪಕ್ಕ ಇವನು ಹೀಗೇ ಕೂತಿರುತ್ತಿದ್ದ. ಆಗ ಆಕೆ ಅದನ್ನು ಜಡತನ ಎಂದುಕೊಂಡಿದ್ದಳು. ದೇವರು ಕೆಲವರಿಗೆ ಭಕ್ತಿಯನ್ನು ಬಾಯಲ್ಲಿ ಕೊಡುತ್ತಾನೆ, ಕೆಲವರಿಗೆ ಕೈಯಲ್ಲಿ. ಕೈಯಲ್ಲಿ ಕೊಟ್ಟದ್ದು ಬೇಗ ಕಾಣುವುದಿಲ್ಲ.

ಬೋರ್ಡು ತಣ್ಣಗಾದ ಮೇಲೆ ಅವನು ಐರನ್ನಿಗೆ ಅಗಲ ತುದಿ ಹಾಕಿ, ಹೊಸ ಸೋಲ್ಡರು ಹನಿಸಿ, ಕಾದ. "ಇನ್ನೂ ಇಲ್ಲ... ಇನ್ನೂ ಇಲ್ಲ..." ಎನ್ನುತ್ತಿದ್ದ. ಅತ್ತೆ ಪಂಪು ಹಿಡಿದು ಬಾಗಿದ್ದಳು. "ಹೂಂ" ಎಂದ ಒಡನೆ ಟಕ್ ಎಂದಿತು. ಅಳಿಯ ಬೋರ್ಡನ್ನು ತಿರುಗಿಸಿದ. ಯಾರೂ ಮುಟ್ಟದೆಯೇ ಆ ಸುಟ್ಟ ಐಸಿ ಮೇಜಿನ ಮೇಲೆ ಬಿತ್ತು. ತೂತುಗಳ ಸುತ್ತ ತಾಮ್ರದ ಉಂಗುರಗಳು ಒಂದೂ ಬಿಡದಂತೆ ಹೊಳೆಯುತ್ತಿದ್ದವು.

"ಎಲ್ಲ ಇವೆಯಾ?" ಎಂದಳು ಅತ್ತೆ ಪಿಸುಮಾತಿನಲ್ಲಿ.

"ಎಲ್ಲ ಇವೆ."

ಹೊಸದನ್ನು ಕೂರಿಸುವ ಕೆಲಸ, ಅವನು ಹೇಳಿದ್ದಂತೆಯೇ, ಕಷ್ಟವಾಗಲಿಲ್ಲ. ಮುಚ್ಚಳ ಹಾಕಿ, ಕೀಬೋರ್ಡನ್ನು ಅದರ ಹಳೆಯ ಜಾಗಕ್ಕೆ, ಕಿಟಕಿಯ ಪಕ್ಕಕ್ಕೆ ಹೊತ್ತು ತಂದರು. ಅಳಿಯ ಸ್ವಿಚ್ಚು ಹಾಕಿದ. ಗೊರಗೊರ ಇಲ್ಲ. ಒಂದು ಪುಟ್ಟ ದೀಪ ಹತ್ತಿತು.

"ನೀವೇ ಒತ್ತಿ ಅತ್ತೆ."

"ನನಗೇನು ಬರುತ್ತೆ?"

"ನನಗೂ ಬರಲ್ಲ. ಒಂದೇ ಒಂದು ಒತ್ತಿ."

ಆಕೆ ಕೀಬೋರ್ಡಿನ ಮುಂದಿನ ಬೆಂಚಿನ ಮೇಲೆ ಕೂತು, ಸೆರಗಿಗೆ ಬೆರಳು ಒರೆಸಿಕೊಂಡು, ನಡುವಿನದೊಂದು ಬಿಳಿಯ ಕೀಲಿಯನ್ನು ಒತ್ತಿದಳು. ಸ್ವರ ಬಂತು. ತುಂಬಿಕೊಂಡು ಬಂತು, ಕಿಟಕಿಯ ಗಾಜು ಸಣ್ಣಗೆ ಅದುರಿತು. ಅದು ಮಗಳಲ್ಲ, ಬರಿಯ ಒಂದು ಸ್ವರ, ಅದು ಆಕೆಗೆ ಗೊತ್ತಿತ್ತು. ಆದರೂ ಬೆರಳು ತೆಗೆಯಲಿಲ್ಲ. ಕಣ್ಣೀರು ಗಲ್ಲದಿಂದಿಳಿದು ಕೀಲಿಗಳ ಮೇಲೆ ಬೀಳದಂತೆ ತಲೆಯನ್ನು ಮಾತ್ರ ಹಿಂದಕ್ಕೆ ಎಳೆದುಕೊಂಡಳು.

ಬಹಳ ಹೊತ್ತಿನ ಮೇಲೆ ಅಳಿಯ ಮೆಲ್ಲಗೆ, "ಬೆರಳು ನೋಯುತ್ತೆ ಅತ್ತೆ" ಎಂದ.

"ನೋಯ್ಲಿ ಬಿಡು. ನೀನು ಕೂತ್ಕೋ ಬಾ ಇಲ್ಲಿ."

ಅವನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಪ್ರಾರ್ಥನೆಯಲ್ಲಿ ಇದರ ಮುಂದಿನ ಸ್ವರ ಯಾವುದೆಂದು ಇಬ್ಬರ ಕಿವಿಯಲ್ಲೂ ಇತ್ತು, ಕೈಯಲ್ಲಿ ಇರಲಿಲ್ಲ. ಅವನು ಅಂದಾಜಿನ ಮೇಲೆ ಒಂದನ್ನು ಒತ್ತಿದ. ಎರಡೂ ಸೇರಿ ಜಗಳಕ್ಕೆ ಬಿದ್ದವು.

"ಅದಲ್ಲ ಕಣೋ."

"ಮತ್ತೆ ಯಾವುದು?"

"ನನಗೇನು ಗೊತ್ತು? ಅದಲ್ಲ, ಅಷ್ಟೆ."

ಅವನು ಪಕ್ಕದ್ದನ್ನು ಒತ್ತಿದ.